ತಂತಿಗೆ ಎರಡು ನಿಮಿಷ, ಕೆಲಸಕ್ಕೆ ಎರಡು ದಿನ

ಒಂದು ಪರೀಕ್ಷಾ ಮಂಡಲಿಯ ಕಚೇರಿಯನ್ನು ಊಹಿಸಿಕೊಳ್ಳೋಣ. ಹಲವು ವರ್ಷಗಳಿಂದ ಕೂಡಿಬಂದ ವಿದ್ಯಾರ್ಥಿಗಳ ಅಂಕಗಳೆಲ್ಲ ಅಲ್ಲಿಯ ಹಳೆಯ ಗಣಕಯಂತ್ರವೊಂದರಲ್ಲಿವೆ. ಒಬ್ಬ ವಿದ್ಯಾರ್ಥಿಗೆ ಒಂದು ವಿಷಯದಲ್ಲಿ ಬಂದ ಅಂಕಕ್ಕೆ ಒಂದು ಸಾಲು. ಹೀಗೆ ಒಟ್ಟು ಒಂದು ಕೋಟಿ ಸಾಲುಗಳು. ಅವನ್ನು ಪಕ್ಕದ ಕೋಣೆಯಲ್ಲಿರುವ ಇನ್ನೊಂದು ಯಂತ್ರಕ್ಕೆ ಸಾಗಿಸಬೇಕಾಗಿದೆ. ಶನಿವಾರ ಸಂಜೆ ೬ ಗಂಟೆಗೆ ಕೆಲಸ ಆರಂಭವಾಯಿತು. ಸೋಮವಾರ ಬೆಳಿಗ್ಗೆ ೧೦ ಗಂಟೆಗೆ ಕಚೇರಿ ತೆರೆದಾಗ, ಕಾಲೇಜು ಸೇರಲು ಅಂಕಪಟ್ಟಿಯ ಪ್ರತಿ ಬೇಕೆಂದು ಬರುವ ಹುಡುಗ ಹುಡುಗಿಯರಿಗೆ ಹೊಸ ಯಂತ್ರವೇ ಉತ್ತರ ಕೊಡಬೇಕು. ನಡುವೆ ಇರುವ ಕಾಲಾವಕಾಶ ೪೦ ಗಂಟೆ.

ಭಾನುವಾರ ಬೆಳಿಗ್ಗೆ ೬ ಗಂಟೆಗೆ ಬಂದು ನೋಡಿದ ತರುಣ ನೌಕರನ ಎದೆ ಧಸಕ್ಕೆಂದಿತು. ೧೨ ಗಂಟೆಗಳಲ್ಲಿ ದಾಟಿದ್ದುದು ೨೫,೯೨,೦೦೦ ಸಾಲುಗಳು ಮಾತ್ರ. ಅಂದರೆ ಸೆಕೆಂಡಿಗೆ ೬೦ ಸಾಲು. ಇದೇ ನಡಿಗೆಯಲ್ಲಿ ಹೋದರೆ ಒಂದು ಕೋಟಿ ಸಾಲುಗಳಿಗೆ ೪೬ ಗಂಟೆ ೧೮ ನಿಮಿಷ ಹಿಡಿಯುವುದು. ಕೆಲಸ ಮುಗಿಯುವಾಗ ಸೋಮವಾರ ಸಂಜೆ ನಾಲ್ಕು ಗಂಟೆ ಮೀರಿರುವುದು.

“ತಂತಿಯನ್ನು ಬದಲಾಯಿಸಿದರೆ ಆಗಬಹುದೇ, ಮೇಡಂ?” ಎಂದು ಅವನು ತನ್ನ ಮೇಲ್ವಿಚಾರಕಿಯನ್ನು ಕೇಳಿದನು.

“ಮೊದಲು ತಂತಿಯ ಲೆಕ್ಕ ಹಾಕಪ್ಪ, ಆಮೇಲೆ ಬೈಯೋಣ” ಎಂದರು ಆಕೆ.

ಲೆಕ್ಕ ಕಠಿನವಾದುದಲ್ಲ. ಒಂದು ಸಾಲಿನಲ್ಲಿ ಸುಮಾರು ೧೨೦ ಬೈಟುಗಳಷ್ಟು ಸಂಗತಿ ಇದೆಯೆಂದರೆ ಒಂದು ಕೋಟಿ ಸಾಲುಗಳಿಗೆ ೧೨೦ ಕೋಟಿ ಬೈಟು. ಎರಡು ಯಂತ್ರಗಳನ್ನು ಕೂಡಿಸಿರುವ ತಂತಿಯು ಸೆಕೆಂಡಿಗೆ ೧೦ ಕೋಟಿ ಬಿಟ್‌ಗಳನ್ನು ಒಯ್ಯಬಲ್ಲುದು. ಎಂಟು ಬಿಟ್‌ಗಳಿಗೆ ಒಂದು ಬೈಟಾದುದರಿಂದ ಸೆಕೆಂಡಿಗೆ ಒಂದೂಕಾಲು ಕೋಟಿ ಬೈಟು. ಭಾಗಿಸಿದರೆ ಬರುವುದು ೯೬ ಸೆಕೆಂಡು! ಎರಡು ನಿಮಿಷವೂ ಬೇಡದ ಪ್ರಯಾಣಕ್ಕೆ ಎರಡು ದಿನ ಹಿಡಿಯುತ್ತಿದೆಯೆಂದ ಮೇಲೆ, ಕಾಲವು ಪ್ರಯಾಣದಲ್ಲಿ ಕಳೆಯುತ್ತಿಲ್ಲ; ಬೇರೆಲ್ಲಿಯೋ ಸೋರಿಹೋಗುತ್ತಿದೆ. ಆ ಸೋರಿಕೆ ಎಲ್ಲಿರಬಹುದು, ಅದನ್ನು ಹುಡುಕುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಕೋಷ್ಟಕ ಮತ್ತು ಕಿರ್ದಿ

ಅಂಕಗಳನ್ನು ಇಡುವ ಇಂಥ ವ್ಯವಸ್ಥೆಗೆ ಸಂಬಂಧಾತ್ಮಕ ದತ್ತಸಂಚಯ, ಎಂದರೆ ರಿಲೇಷನಲ್ ಡೇಟಾಬೇಸ್ ಎಂದು ಹೆಸರು. ಇದರ ತತ್ತ್ವವನ್ನು ೧೯೭೦ರಲ್ಲಿ ಪ್ರಕಟಿಸಿದವನು ಐಬಿಎಂ ಸಂಸ್ಥೆಯ ಸ್ಯಾನ್ ಹೋಸೆ ಪ್ರಯೋಗಶಾಲೆಯಲ್ಲಿದ್ದ ಎಡ್ಗರ್ ಕಾಡ್ ಎಂಬ ಗಣಿತಜ್ಞ. ಸಂಗತಿಗಳನ್ನೆಲ್ಲ ಸಾಲು ಕಂಬಗಳುಳ್ಳ ಸರಳ ಕೋಷ್ಟಕಗಳಲ್ಲಿ ಇಡಬೇಕು. ‘ಏನು ಬೇಕು’ ಎಂಬುದನ್ನಷ್ಟೇ ಬಳಸುವವನು ಹೇಳಬೇಕು. ‘ಎಲ್ಲಿದೆ, ಹೇಗೆ ತರುವುದು’ ಎಂಬ ಚಿಂತೆ ಯಂತ್ರದ್ದಾಗಿರಬೇಕು ಎಂಬುದು ಅವನ ವಾದದ ತಿರುಳು. ಇದಕ್ಕಾಗಿ ಅವನಿಗೆ ೧೯೮೧ರಲ್ಲಿ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು. ಇಂದು ಬ್ಯಾಂಕು, ರೈಲ್ವೆ, ಆಸ್ಪತ್ರೆ, ಶಾಲೆ ಎಲ್ಲೆಲ್ಲಿಯೂ ಇಂಥ ಕೋಷ್ಟಕಗಳೇ ಕೆಲಸ ಮಾಡುತ್ತಿವೆ.

ಕೋಷ್ಟಕದಲ್ಲಿ ಬರೆದುದು ಅಳಿಯಬಾರದು. ಬರೆಯುತ್ತಿರುವಾಗಲೇ ವಿದ್ಯುತ್ತು ಹೋದರೂ ‘ಬರೆದಾಯಿತು’ ಎಂದು ಯಂತ್ರ ಒಮ್ಮೆ ಹೇಳಿದ ಮೇಲೆ ಆ ಮಾತು ಉಳಿಯಬೇಕು. ಇದನ್ನು ಸಾಧಿಸುವ ಉಪಾಯವನ್ನು ನಮ್ಮ ಹಳೆಯ ಅಂಗಡಿಗಳಲ್ಲಿ ಲೆಕ್ಕ ಬರೆಯುತ್ತಿದ್ದ ಕ್ರಮದಿಂದ ತಿಳಿಯಬಹುದು. ವ್ಯಾಪಾರ ನಡೆದ ಕೂಡಲೆ ಗುಮಾಸ್ತನು ಅದನ್ನು ಕಿರ್ದಿಯಲ್ಲಿ ಬರೆದುಕೊಳ್ಳುವನು. ಬಿಡುವಾದಾಗ ಕಿರ್ದಿಯನ್ನು ನೋಡಿಕೊಂಡು ಆಯಾ ಗಿರಾಕಿಯ ಖಾತೆಗೆ ಏರಿಸುವನು. ಖಾತೆಗೆ ಏರಿಸುವ ಮೊದಲೇ ಏನಾದರೂ ಅಡ್ಡಿಯಾದರೆ ಕಿರ್ದಿ ಇದ್ದೇ ಇದೆ. ಡೇಟಾಬೇಸೂ ಹೀಗೆಯೇ ಮಾಡುತ್ತದೆ. ಬದಲಾವಣೆಯನ್ನು ಮೊದಲು ಲಾಗ್ ಎಂಬ ಕಿರ್ದಿಯಲ್ಲಿ ಬರೆದು, ಅದು ಡಿಸ್ಕಿನ ಮೇಲೆ ನಿಜವಾಗಿಯೂ ಮೂಡಿತೆಂದು ಖಚಿತ ಮಾಡಿಕೊಂಡ ಬಳಿಕವೇ ‘ಆಯಿತು’ ಎನ್ನುತ್ತದೆ. ಈ ಮುದ್ರೆ ಒತ್ತುವ ಕ್ರಿಯೆಗೆ ಕಮಿಟ್ ಎಂದೂ, ಒಂದು ಮುದ್ರೆಯೊಳಗೆ ಸೇರುವ ಕೆಲಸಗಳ ಗುಂಪಿಗೆ ಟ್ರಾನ್ಸಾಕ್ಷನ್ ಅಥವಾ ವ್ಯವಹಾರವೆಂದೂ ಹೆಸರು. ಒಂದು ವ್ಯವಹಾರವು ಪೂರ್ತಿಯಾಗಿ ನಡೆಯುತ್ತದೆ, ಇಲ್ಲವೆ ಸ್ವಲ್ಪವೂ ನಡೆಯುವುದಿಲ್ಲ. ಈ ಶಾಸ್ತ್ರವನ್ನು ಬೆಳೆಸಿದವರಲ್ಲಿ ಪ್ರಮುಖನಾದ ಜಿಮ್ ಗ್ರೇ ೧೯೯೮ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದನು.

ಈ ಭರವಸೆಗೆ ಬೆಲೆಯುಂಟು. ಆ ಬೆಲೆಯನ್ನು ಎಷ್ಟು ಸಲ ತೆರುತ್ತೇವೆ ಎಂಬುದರಲ್ಲಿಯೇ ನಮ್ಮ ಕಚೇರಿಯ ಕಷ್ಟದ ಮೂಲವಿದೆ.

ರೋಗದ ನಿದಾನ

ವೈದ್ಯನು ನಾಡಿ ನೋಡದೆ ಔಷಧ ಕೊಡುವುದಿಲ್ಲ. ನಮ್ಮ ಮೇಲ್ವಿಚಾರಕಿಯೂ ಯಾವ ಏರ್ಪಾಡನ್ನೂ ಒಡನೆಯೇ ಬದಲಾಯಿಸಲಿಲ್ಲ. ಸಾಗಣೆಯ ಕೆಲಸವನ್ನು ಆಕೆ ಮೂರು ಭಾಗಗಳಾಗಿ ಒಡೆದರು: ಹಳೆಯ ಯಂತ್ರದಿಂದ ಓದುವುದು, ತಂತಿಯ ಮೇಲೆ ಒಯ್ಯುವುದು, ಹೊಸ ಯಂತ್ರದಲ್ಲಿ ಬರೆಯುವುದು. ಓಡುತ್ತಿದ್ದ ಕೆಲಸವನ್ನು ನಿಲ್ಲಿಸಿ, ದಾಟಿದ ಕೊನೆಯ ಸಾಲಿನ ಕ್ರಮಸಂಖ್ಯೆಯನ್ನು ಬರೆದಿಟ್ಟುಕೊಂಡು, ಒಂದೊಂದು ಭಾಗವನ್ನೂ ಬೇರೆಯಾಗಿ ಅಳೆದರು.

ಮೊದಲು ಹಳೆಯ ಯಂತ್ರದ ಎಲ್ಲ ಸಾಲುಗಳನ್ನೂ ಕ್ರಮಸಂಖ್ಯೆಯ ಪ್ರಕಾರ ಓದಿ, ಅದೇ ಯಂತ್ರದ ಒಂದು ಸಾದಾ ಕಡತಕ್ಕೆ ಬರೆಯಿಸಿದರು. ನಾಲ್ಕು ನಿಮಿಷ ಹಿಡಿಯಿತೆನ್ನಿ. ಬಳಿಕ ಆ ಕಡತವನ್ನು ತಂತಿಯ ಮೂಲಕ ಹೊಸ ಯಂತ್ರಕ್ಕೆ ಕಳುಹಿಸಿದರು. ಲೆಕ್ಕಕ್ಕೆ ಸರಿಯಾಗಿ ಎರಡು ನಿಮಿಷದೊಳಗೆ ಮುಟ್ಟಿತು. ಹಾಗಾದರೆ ಓದುವುದೂ ನಿರ್ದೋಷಿ, ತಂತಿಯೂ ನಿರ್ದೋಷಿ. ಉಳಿದುದು ಬರೆಯುವ ಕೆಲಸ. ಮೂರನ್ನೂ ಒಟ್ಟಿಗೆ ಅಳೆದಿದ್ದರೆ ಈ ಮಾತು ಎಂದೂ ಹೊರಬೀಳುತ್ತಿರಲಿಲ್ಲ.

ಇನ್ನೊಂದು ಸೂಚನೆಯೂ ಇತ್ತು. ಕೆಲಸ ನಡೆಯುತ್ತಿದ್ದಾಗ ಎರಡು ಯಂತ್ರಗಳ ಪ್ರೊಸೆಸರುಗಳೂ ಬಹುಮಟ್ಟಿಗೆ ಸುಮ್ಮನಿದ್ದವು. ತಂತಿಯಲ್ಲಿ ಸೆಕೆಂಡಿಗೆ ೭,೨೦೦ ಬೈಟುಗಳಷ್ಟೇ ಹರಿಯುತ್ತಿದ್ದುವು. ಎಲ್ಲರೂ ಬಿಡುವಾಗಿದ್ದು ಕೆಲಸ ಮಾತ್ರ ಸಾಗದಿದ್ದರೆ, ಯಾರೋ ಯಾರಿಗೋ ಕಾಯುತ್ತಿದ್ದಾರೆಂದು ಅರ್ಥ. ಇಂಥ ಕಡೆ ಹೆಚ್ಚು ಬಲದ ಯಂತ್ರವನ್ನು ತಂದಿಟ್ಟರೆ ಅದೂ ಜೊತೆಯಲ್ಲಿ ನಿಂತು ಕಾಯುವುದಷ್ಟೆ.

ಸುತ್ತುವ ತಟ್ಟೆಯ ಲೆಕ್ಕ

ಹೊಸ ಯಂತ್ರದಲ್ಲಿದ್ದುದು ಸುತ್ತುವ ತಟ್ಟೆಯ ಡಿಸ್ಕು. ಅದರ ವೇಗ ನಿಮಿಷಕ್ಕೆ ೭,೨೦೦ ಸುತ್ತು, ಎಂದರೆ ಸೆಕೆಂಡಿಗೆ ೧೨೦. ಬರೆಯಬೇಕಾದ ಸ್ಥಳವು ಬರೆಯುವ ಮುಳ್ಳಿನ ಕೆಳಗೆ ಒಮ್ಮೆ ಹಾದುಹೋದರೆ ಮತ್ತೆ ಅದು ಬರುವವರೆಗೆ ಒಂದು ಸುತ್ತು ಕಾಯಲೇಬೇಕು. ಒಂದು ಮುದ್ರೆಗೆ ಇಂಥ ಎರಡು ಸುತ್ತುಗಳು ಬೇಕಾದುವೆಂದುಕೊಳ್ಳಿ: ಕಿರ್ದಿಯ ಬರಹಕ್ಕೆ ಒಂದು, ಕಡತದ ಉದ್ದವೇ ಮೊದಲಾದ ವಿವರಗಳನ್ನು ದಾಖಲಿಸಲು ಇನ್ನೊಂದು. ಆಗ ಸೆಕೆಂಡಿಗೆ ಒತ್ತಬಹುದಾದ ಮುದ್ರೆಗಳು ೬೦.

ಅರವತ್ತು! ತರುಣನು ಕಂಡ ಸಂಖ್ಯೆಯೂ ಇದೇ ಅಲ್ಲವೆ? ಸಾಗಣೆಯ ಕ್ರಮವಿಧಿಯನ್ನು ಬರೆದವರು ಒಂದು ಸಾಲಿಗೆ ಒಂದು ವ್ಯವಹಾರದಂತೆ ಕಳುಹಿಸುತ್ತಿದ್ದರು. ಅವರು ಬೇಕೆಂದು ಹಾಗೆ ಮಾಡಿದುದಲ್ಲ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಮೊದಲಾದ ವ್ಯವಸ್ಥೆಗಳಲ್ಲಿ, ಬೇರೆಯಾಗಿ ಹೇಳದಿದ್ದರೆ, ಪ್ರತಿಯೊಂದು ಆಜ್ಞೆಯೂ ತನ್ನಷ್ಟಕ್ಕೆ ಒಂದು ವ್ಯವಹಾರವಾಗಿಬಿಡುತ್ತದೆ. ಮೂಟೆಯ ಅಕ್ಕಿಯನ್ನು ಕಾಳು ಕಾಳಾಗಿ ಎಣಿಸಿ ಕೊಟ್ಟು ಪ್ರತಿ ಕಾಳಿಗೂ ರಶೀದಿ ಕೇಳಿದಂತಾಯಿತು.

ಪರಿಹಾರವೂ ಇದರಿಂದಲೇ ಹೊಳೆಯುತ್ತದೆ. ಹತ್ತು ಸಾವಿರ ಸಾಲುಗಳಿಗೆ ಒಂದು ಮುದ್ರೆ ಒತ್ತಿದರೆ, ಉಳಿದಿದ್ದ ೭೪,೦೮,೦೦೦ ಸಾಲುಗಳಿಗೆ ಬೇಕಾಗುವ ಮುದ್ರೆಗಳು ೭೪೧. ಸೆಕೆಂಡಿಗೆ ೬೦ರಂತೆ ಮುದ್ರೆಗಾಗಿ ಕಾಯುವ ಕಾಲ ಸುಮಾರು ೧೨ ಸೆಕೆಂಡು ಮಾತ್ರ. ಈಚಿನ ಯಂತ್ರಗಳಲ್ಲಿ ತಟ್ಟೆಯಿಲ್ಲದ ಎಸ್‌ಎಸ್‌ಡಿ ಬಂದಿದೆ, ಸುತ್ತಿನ ಕಾಯುವಿಕೆ ಇಲ್ಲ. ಆದರೂ ‘ಮೂಡಿತೆ?’ ಎಂದು ಕೇಳಿ ಉತ್ತರಕ್ಕೆ ನಿಲ್ಲುವುದು ಅಲ್ಲಿಯೂ ತಪ್ಪಿಲ್ಲ. ಬೆಲೆ ಇಳಿದಿದೆ, ಕೋಟಿ ಸಲ ತೆತ್ತರೆ ಅದೂ ದೊಡ್ಡ ಮೊತ್ತವೇ.

ಹೋಗಿಬರುವ ಹೊತ್ತು

ಒಂದು ಕಾರಣದ ಮರೆಯಲ್ಲಿ ಇನ್ನೊಂದು ಅಡಗಿರುವುದು ಸಾಮಾನ್ಯ. ಒಂದೊಂದು ಸಾಲನ್ನೂ ಕಳುಹಿಸಿ, ‘ತಲಪಿತು’ ಎಂಬ ಉತ್ತರ ಬಂದ ಬಳಿಕವೇ ಮುಂದಿನದನ್ನು ಕಳುಹಿಸುವ ಪದ್ಧತಿಯಿದ್ದರೆ, ಪ್ರತಿ ಸಾಲಿಗೂ ಒಂದು ಹೋಗಿಬರುವಿಕೆ ತಗಲುತ್ತದೆ. ಪಕ್ಕದ ಕೋಣೆಗೆ ಅದು ಅರ್ಧ ಮಿಲಿಸೆಕೆಂಡು ಎಂದುಕೊಳ್ಳಿ. ತಟ್ಟೆಯ ಸುತ್ತಿಗೆ ಕಾಯುತ್ತಿದ್ದಾಗ ಆ ಅರ್ಧ ಮಿಲಿಸೆಕೆಂಡು ಕಾಯುವಿಕೆಯೊಳಗೇ ಕರಗಿಹೋಗಿ ಕಾಣಿಸುತ್ತಿರಲಿಲ್ಲ. ಮುದ್ರೆಗಳನ್ನು ಕಡಮೆ ಮಾಡಿದ ಮೇಲೆ ಅದು ತಲೆಯೆತ್ತುವುದು: ೭೪ ಲಕ್ಷ ಸಾಲುಗಳಿಗೆ ಒಂದು ಗಂಟೆಗೂ ಮೇಲೆ.

ಎರಡು ಯಂತ್ರಗಳು ದೂರದ ಊರುಗಳಲ್ಲಿದ್ದರೆ ಕಷ್ಟ ಇನ್ನೂ ಹೆಚ್ಚು. ಗಾಜಿನ ನಾರಿನೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು. ನಡುವಣ ನಾರಿನ ಉದ್ದ ೨,೦೦೦ ಕಿಲೋಮೀಟರಾದರೆ ಹೋಗಿಬರಲು ಏನಿಲ್ಲೆಂದರೂ ೨೦ ಮಿಲಿಸೆಕೆಂಡು ಬೇಕು. ಕೋಟಿ ಸಲ ಹೋಗಿಬಂದರೆ ಎರಡು ಲಕ್ಷ ಸೆಕೆಂಡು, ಎಂದರೆ ಐವತ್ತೈದೂವರೆ ಗಂಟೆ. ಇಲ್ಲಿ ಎಷ್ಟು ದೊಡ್ಡ ತಂತಿಯನ್ನು ಕೊಂಡು ತಂದರೂ ಪ್ರಯೋಜನವಿಲ್ಲ. ರಸ್ತೆಯನ್ನು ಅಗಲಿಸಿದರೆ ಊರು ಹತ್ತಿರವಾಗುವುದಿಲ್ಲವಷ್ಟೆ. ಆದರೆ ಒಂದು ಆಜ್ಞೆಯಲ್ಲಿ ಸಾವಿರ ಸಾಲುಗಳನ್ನು ಕಟ್ಟಿ ಕಳುಹಿಸಿದರೆ ಹೋಗಿಬರುವಿಕೆಗಳು ಹತ್ತು ಸಾವಿರಕ್ಕೆ ಇಳಿಯುತ್ತವೆ. ಅವಕ್ಕೆ ತಗಲುವುದು ೨೦೦ ಸೆಕೆಂಡು.

ಓದುವ ಕಡೆಯಲ್ಲಿಯೂ ಇದೇ ಮಾತು. ಜಾವಾ ಭಾಷೆಯ ಕ್ರಮವಿಧಿಗಳು ಓರಕಲ್ ಡೇಟಾಬೇಸಿನಿಂದ ಓದುವಾಗ, ಬೇರೆ ಏನೂ ಹೇಳದಿದ್ದರೆ, ಒಂದು ಸಲಕ್ಕೆ ಬರುವುದು ಹತ್ತೇ ಸಾಲು. ಸಣ್ಣ ಪ್ರಶ್ನೆಗಳಿಗೆ ಅಷ್ಟು ಸಾಕು. ಕೋಟಿ ಸಾಲುಗಳಿಗೆ ಹತ್ತು ಲಕ್ಷ ಸಲ ತಿರುಗಬೇಕಾಗುತ್ತದೆ. ಆ ಹತ್ತನ್ನು ಸಾವಿರಕ್ಕೆ ಏರಿಸುವುದು ಒಂದು ಸಾಲಿನ ತಿದ್ದುಪಡಿ.

ಇದಕ್ಕಿಂತ ಮೇಲಾದ ದಾರಿಯೂ ಉಂಟು. ರಾಶಿಗಟ್ಟಲೆ ತುಂಬುವುದಕ್ಕೆಂದೇ ಹಲವು ವ್ಯವಸ್ಥೆಗಳಲ್ಲಿ ಒಂದು ವಿಶೇಷ ಆಜ್ಞೆಯಿದೆ: ಪೋಸ್ಟ್‌ಗ್ರೆಸ್‌ನಲ್ಲಿ ‘ಕಾಪಿ’, ಮೈಎಸ್‌ಕ್ಯೂಎಲ್‌ನಲ್ಲಿ ‘ಲೋಡ್ ಡೇಟಾ’, ಎಸ್‌ಕ್ಯೂಎಲ್ ಸರ್ವರಿನಲ್ಲಿ ‘ಬಲ್ಕ್ ಇನ್ಸರ್ಟ್’. ಇವು ಸಾಲು ಸಾಲಿಗೂ ಆಜ್ಞೆಯನ್ನು ಓದಿ ಅರ್ಥಮಾಡಿಕೊಳ್ಳುವ ಶ್ರಮವನ್ನು ಉಳಿಸಿ, ಕಾಲುವೆಯ ನೀರಿನಂತೆ ಸತತವಾಗಿ ಸಾಲುಗಳನ್ನು ಒಳಗೊಳ್ಳುತ್ತವೆ. ಮೇಲ್ವಿಚಾರಕಿಯು ಪರೀಕ್ಷೆಗೆಂದು ತೆಗೆಸಿದ ಸಾದಾ ಕಡತವು ಹೊಸ ಯಂತ್ರದಲ್ಲಿ ಆಗಲೇ ಬಂದು ಕುಳಿತಿತ್ತು. ಅದರಲ್ಲಿ ಉಳಿದ ಸಾಲುಗಳನ್ನು ಹತ್ತು ಹತ್ತು ಸಾವಿರದ ತುಂಡುಗಳಾಗಿ ಇಂಥ ಆಜ್ಞೆಗೆ ಉಣ್ಣಿಸುವುದೆಂದು ನಿಶ್ಚಯವಾಯಿತು.

ಸೂಚಿಯ ಭಾರ

ದೊಡ್ಡ ಗ್ರಂಥದ ಕೊನೆಯಲ್ಲಿ ಪದಸೂಚಿಯಿರುವಂತೆ ಕೋಷ್ಟಕಕ್ಕೂ ಸೂಚಿಗಳಿರುತ್ತವೆ. ಹೆಸರಿನಿಂದ, ಶಾಲೆಯಿಂದ, ವರ್ಷದಿಂದ ಒಂದು ಸಾಲನ್ನು ಕ್ಷಣದಲ್ಲಿ ಹುಡುಕಿಕೊಡುವುದು ಇವುಗಳ ಕೆಲಸ. ಇವುಗಳಲ್ಲಿ ಬಹಳ ಬಳಕೆಯಾಗುವ ರಚನೆಗೆ ಬಿ-ವೃಕ್ಷವೆಂದು ಹೆಸರು. ಅದನ್ನು ಬೋಯಿಂಗ್ ಸಂಸ್ಥೆಯ ವೈಜ್ಞಾನಿಕ ಪ್ರಯೋಗಶಾಲೆಯಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ೧೯೭೦ರ ದಶಕದ ಆರಂಭದಲ್ಲಿ ಲೋಕಕ್ಕೆ ಕೊಟ್ಟರು.

ಹುಡುಕಲು ನೆರವಾಗುವ ಸೂಚಿಯು ತುಂಬುವಾಗ ಹೊರೆಯಾಗುತ್ತದೆ. ಹೊಸ ಸಾಲು ಬಂದಾಗಲೆಲ್ಲ ಪ್ರತಿಯೊಂದು ಸೂಚಿಯಲ್ಲಿಯೂ ಅದರ ಸ್ಥಾನವನ್ನು ಹುಡುಕಿ ಸೇರಿಸಬೇಕು. ಕ್ರಮಸಂಖ್ಯೆಯ ಸೂಚಿಯಾದರೆ ಹೊಸದು ಸದಾ ಕೊನೆಗೇ ಸೇರುವುದರಿಂದ ತೊಂದರೆಯಿಲ್ಲ. ಹೆಸರಿನ ಸೂಚಿಯಲ್ಲಿ ಹಾಗಲ್ಲ. ಒಂದು ಹೆಸರು ‘ಅ’ಕಾರದ ಪುಟಕ್ಕೆ, ಮರುಕ್ಷಣದ ಹೆಸರು ‘ಹ’ಕಾರದ ಪುಟಕ್ಕೆ. ಸೂಚಿಯು ಯಂತ್ರದ ನೆನಪಿನಲ್ಲಿ ಹಿಡಿಸುವಷ್ಟು ಚಿಕ್ಕದಾಗಿರುವವರೆಗೆ ಇದು ಸಾಗುತ್ತದೆ. ಹಿಡಿಸದಷ್ಟು ಬೆಳೆದ ಕೂಡಲೆ ಬೇಕಾದ ಪುಟವನ್ನು ಡಿಸ್ಕಿನಿಂದ ಎತ್ತಿತರಬೇಕಾಗಿ ವೇಗವು ಒಮ್ಮೆಗೇ ಕುಸಿಯುತ್ತದೆ.

ಆದ್ದರಿಂದ ಬರಿದಾದ ಕೋಷ್ಟಕವನ್ನು ತುಂಬುವಾಗ ಹೆಚ್ಚಿನ ಸೂಚಿಗಳನ್ನು ತೆಗೆದಿಟ್ಟು, ಎಲ್ಲ ಸಾಲುಗಳೂ ಬಂದ ಬಳಿಕ ಒಮ್ಮೆಗೇ ಕಟ್ಟುವುದು ಲೇಸು. ಎಲ್ಲವನ್ನೂ ಅಕಾರಾದಿಯಾಗಿ ವಿಂಗಡಿಸಿಕೊಂಡು ಒಂದೇ ಓಟದಲ್ಲಿ ಸೂಚಿ ಕಟ್ಟಲು ಹಿಡಿಯುವ ಕಾಲವು ಒಂದೊಂದಾಗಿ ಸೇರಿಸುವ ಕಾಲಕ್ಕಿಂತ ಬಹಳ ಕಡಮೆ. ಕೋಷ್ಟಕದಲ್ಲಿ ಮೊದಲೇ ಕೋಟಿಗಟ್ಟಲೆ ಸಾಲುಗಳಿದ್ದು ಹೊಸದಾಗಿ ಸೇರುವುವು ಕೆಲವೇ ಆದರೆ ಈ ಉಪಾಯ ಸಲ್ಲದು. ಆಗ ಕಿತ್ತು ಕಟ್ಟುವ ಶ್ರಮವೇ ಹೆಚ್ಚಾಗುತ್ತದೆ.

ಇದೇ ಜಾತಿಯ ಇನ್ನೊಂದು ಹೊರೆ ತಪಾಸಣೆ. ಅಂಕದ ಸಾಲಿನಲ್ಲಿ ಹೇಳಿರುವ ವಿದ್ಯಾರ್ಥಿಯು ವಿದ್ಯಾರ್ಥಿಗಳ ಕೋಷ್ಟಕದಲ್ಲಿ ನಿಜವಾಗಿ ಇದ್ದಾನೆಯೆ ಎಂದು ಯಂತ್ರವು ಸಾಲು ಸಾಲಿಗೂ ನೋಡಬೇಕಾಗಬಹುದು. ಒಂದು ಸಾಲು ಸೇರಿದೊಡನೆ ಬೇರೊಂದು ಕೆಲಸವನ್ನು ತಾನಾಗಿ ನಡೆಯಿಸುವ ಟ್ರಿಗರುಗಳೂ ಇರಬಹುದು. ಸಾಗಣೆಯವರೆಗೆ ಇವನ್ನು ತಡೆದಿಟ್ಟು ಕೊನೆಯಲ್ಲಿ ಎಲ್ಲವನ್ನೂ ಒಟ್ಟಿಗೆ ತಪಾಸಣೆ ಮಾಡಿಸಬಹುದು. ಆ ಕೊನೆಯ ತಪಾಸಣೆಯನ್ನು ಮರೆಯುವಂತಿಲ್ಲ.

ನಡಿಗೆಯೇ ಸಾಕ್ಷಿ

ವೇಗವು ಹೊತ್ತಿನೊಡನೆ ಹೇಗೆ ಬದಲಾಗುತ್ತದೆಂಬುದನ್ನು ಬರೆದಿಟ್ಟುಕೊಂಡರೆ ರೋಗವನ್ನು ಅರ್ಧ ಗುರುತಿಸಿದಂತೆಯೇ. ಆರಂಭದಿಂದ ಕೊನೆಯವರೆಗೆ ಒಂದೇ ಸಮನೆ ನಿಧಾನವಾಗಿದ್ದರೆ ಸಾಲು ಸಾಲಿಗೂ ತಗಲುವ ಸ್ಥಿರವಾದ ತೆರಿಗೆ, ಎಂದರೆ ಮುದ್ರೆ ಅಥವಾ ಹೋಗಿಬರುವಿಕೆ ಇದೆಯೆಂದು ತಿಳಿಯಬೇಕು. ಓಡುವುದು, ನಿಲ್ಲುವುದು, ಮತ್ತೆ ಓಡುವುದು ಹೀಗಾದರೆ, ಕಿರ್ದಿ ತುಂಬಿದಾಗಲೆಲ್ಲ ಅದನ್ನು ಖಾತೆಗೆ ಏರಿಸಲು ಯಂತ್ರ ತಡೆಯುತ್ತಿದೆಯೆಂದು ಊಹಿಸಬಹುದು. ಲಾಗಿಗೆ ಹೆಚ್ಚು ಜಾಗ ಕೊಟ್ಟರೆ ತಡೆಗಳು ವಿರಳವಾಗುತ್ತವೆ. ಒಮ್ಮೆಗೇ ನಿಂತುಬಿಟ್ಟರೆ ಬೇರೆ ಯಾರೋ ಅದೇ ಕೋಷ್ಟಕಕ್ಕೆ ಬೀಗ ಹಾಕಿ ಕುಳಿತಿರಬೇಕು. ಯಾರು ಎಂಬುದನ್ನು ಡೇಟಾಬೇಸೇ ತೋರಿಸುತ್ತದೆ.

ಚೆನ್ನಾಗಿ ಹೊರಟು ಬರಬರುತ್ತ ಕುಂಟತೊಡಗಿದರೆ? ಸೂಚಿಯು ನೆನಪಿನ ಅಳತೆಯನ್ನು ಮೀರಿರಬಹುದು. ಇಲ್ಲವೆ ಓದುವ ಕ್ರಮವೇ ತಪ್ಪಿರಬಹುದು. ಹೇಗೆಂದರೆ, ಕೆಲವರು ‘ಮೊದಲಿನ ಇಷ್ಟು ಸಾಲುಗಳನ್ನು ಬಿಟ್ಟು ಮುಂದಿನ ಹತ್ತು ಸಾವಿರ ಕೊಡು’ ಎಂದು ಕೇಳುತ್ತ ಹೋಗುತ್ತಾರೆ. ಬಿಡಬೇಕಾದ ಸಾಲುಗಳನ್ನು ಬಿಡುವುದಕ್ಕಾಗಿಯೇ ಯಂತ್ರವು ಪ್ರತಿ ಸಲವೂ ಮೊದಲಿನಿಂದ ನಡೆದುಬರಬೇಕು. ಕೋಟಿ ಸಾಲುಗಳಿಗೆ ಇಂಥ ಸಾವಿರ ಪ್ರಶ್ನೆಗಳಾದರೆ ವ್ಯರ್ಥವಾಗಿ ದಾಟಿದ ಸಾಲುಗಳು ಸುಮಾರು ೫೦೦ ಕೋಟಿ! ಪುಸ್ತಕ ಓದುವವನು ದಿನವೂ ಮೊದಲ ಪುಟದಿಂದ ಎಣಿಸಿಕೊಂಡು ತಾನು ನಿಲ್ಲಿಸಿದ ಪುಟಕ್ಕೆ ಬಂದಂತೆ. ಗುರುತಿಗೆ ಒಂದು ಗರಿಯನ್ನಿಟ್ಟರೆ ಸಾಲದೆ? ‘ಇಂಥ ಕ್ರಮಸಂಖ್ಯೆಯ ಅನಂತರದ ಹತ್ತು ಸಾವಿರ ಕೊಡು’ ಎಂದರೆ, ಯಂತ್ರವು ಸೂಚಿಯ ನೆರವಿನಿಂದ ನೇರವಾಗಿ ಅಲ್ಲಿಗೇ ಹೋಗುತ್ತದೆ.

ಅವಸರದ ಅಪಾಯ

ಇಷ್ಟು ಕೇಳಿದ ತರುಣನಿಗೆ ಒಂದು ಉಪಾಯ ಹೊಳೆಯಿತು. “ಮುದ್ರೆಯೇ ಕಾಲ ತಿನ್ನುವುದಾದರೆ, ಡಿಸ್ಕಿನ ಮೇಲೆ ಮೂಡಿತೇ ಎಂದು ಕೇಳುವುದನ್ನೇ ನಿಲ್ಲಿಸಿಬಿಡೋಣವೆ, ಮೇಡಂ? ಇಲ್ಲವೆ ಎಲ್ಲವನ್ನೂ ಸೇರಿಸಿ ಒಂದೇ ವ್ಯವಹಾರ ಮಾಡಿದರೆ?”

ಎರಡೂ ಸಾಧ್ಯ, ಎರಡರಲ್ಲಿಯೂ ಅಪಾಯವಿದೆ. ಕೇಳುವುದನ್ನು ನಿಲ್ಲಿಸುವ ಏರ್ಪಾಡು ಪೋಸ್ಟ್‌ಗ್ರೆಸ್‌ನಲ್ಲಿ ಉಂಟು. ಆದರೆ ಅದನ್ನು ನಿಲ್ಲಿಸಿದಾಗ ವಿದ್ಯುತ್ತು ಹೋದರೆ ಸಂಗ್ರಹವೆಲ್ಲ ಸರಿಪಡಿಸಲಾಗದಂತೆ ಕೆಡಬಹುದೆಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ. ಮೂಲವು ಸುರಕ್ಷಿತವಾಗಿದ್ದು, ಕೆಟ್ಟರೆ ಮೊದಲಿನಿಂದ ತುಂಬುತ್ತೇವೆಂಬ ಧೈರ್ಯವಿದ್ದಾಗ ಮಾತ್ರ ಆ ದಾರಿ. ಕೆಲಸ ಮುಗಿದ ಮೇಲೆ ಏರ್ಪಾಡನ್ನು ಹಿಂದಕ್ಕೆ ತಿರುಗಿಸಲು ಮರೆತರೆ, ಅನಾಹುತವು ಎಂದೋ ಒಂದು ದಿನ ಬರಲು ಕಾದಿರುತ್ತದೆ. ಇನ್ನು ಕೋಟಿ ಸಾಲುಗಳನ್ನು ಒಂದೇ ವ್ಯವಹಾರವಾಗಿ ಮಾಡಿದರೆ, ೯೯ ಲಕ್ಷದ ಸಾಲಿನಲ್ಲಿ ಒಂದು ದೋಷ ಕಂಡರೂ ಅಷ್ಟನ್ನೂ ಹಿಂತೆಗೆಯಬೇಕಾಗುತ್ತದೆ. ಸಾಲಿಗೊಂದು ಮುದ್ರೆ ಒಂದು ಅತಿ, ಕೋಟಿಗೊಂದು ಮುದ್ರೆ ಇನ್ನೊಂದು ಅತಿ. ಸಾವಿರಗಳ ಲೆಕ್ಕದ ಕಟ್ಟುಗಳು, ಪ್ರತಿ ಕಟ್ಟಿನ ಕೊನೆಯಲ್ಲಿ ಎಲ್ಲಿಯವರೆಗೆ ಆಯಿತೆಂಬ ಗುರುತು, ಇದು ನಡುದಾರಿ. ತಪ್ಪಿದರೆ ಒಂದು ಕಟ್ಟನ್ನಷ್ಟೇ ಮತ್ತೆ ಮಾಡಿದರಾಯಿತು.

ಗೈರುಹಾಜರಿಯೋ ಸೊನ್ನೆಯೋ?

ಹೆಸರು, ಶಾಲೆ, ವರ್ಷಗಳ ಮೂರು ಸೂಚಿಗಳನ್ನು ತೆಗೆದಿಟ್ಟು, ಉಳಿದ ಸಾಲುಗಳನ್ನು ಕಡತದಿಂದ ತುಂಬಲು ಭಾನುವಾರ ೯ ಗಂಟೆಗೆ ಆರಂಭಿಸಿದರು. ಅರ್ಧ ಗಂಟೆಯೊಳಗೆ ತುಂಬಿ ಮುಗಿಯಿತು. ೧೦ ಗಂಟೆಗೆ ಸೂಚಿಗಳೂ ಸಿದ್ಧವಾದುವು. ತರುಣನು ಎರಡೂ ಕಡೆಯ ಸಾಲುಗಳನ್ನು ಎಣಿಸಿದನು. ಎರಡೂ ಒಂದು ಕೋಟಿ. ಅಂಕಗಳ ಮೊತ್ತವನ್ನು ಕೂಡಿಸಿದನು, ಅದೂ ಸಮನಾಗಿತ್ತು. ಅವನು ಮನೆಗೆ ಹೊರಡಲು ಎದ್ದನು.

“ಖಾಲಿ ಇರುವ ಮನೆಗಳನ್ನೂ ಎಣಿಸಿಬಿಡು” ಎಂದರು ಮೇಲ್ವಿಚಾರಕಿ.

ಹಳೆಯ ಯಂತ್ರದಲ್ಲಿ ಅಂಕದ ಮನೆ ಖಾಲಿಯಿದ್ದ ಸಾಲುಗಳು ೪೧,೩೦೦, ಹೊಸದರಲ್ಲಿ ೧೦,೮೦೦. ಉಳಿದ ೩೦,೫೦೦ ಸಾಲುಗಳ ಖಾಲಿ ಮನೆಗಳಲ್ಲಿ ಸೊನ್ನೆ ಬಂದು ಕುಳಿತಿತ್ತು. ಡೇಟಾಬೇಸಿನಲ್ಲಿ ‘ಏನೂ ಇಲ್ಲ’ ಎಂಬುದಕ್ಕೆ ನಲ್ ಎಂಬ ಪ್ರತ್ಯೇಕ ಸಂಕೇತವಿದೆ, ಅದು ಸೊನ್ನೆಯಲ್ಲ. ಸಾದಾ ಕಡತದಲ್ಲಿ ಅದು ಬರಿಯ ಖಾಲಿ ಜಾಗವಾಯಿತು. ಸಂಖ್ಯೆಯ ಮನೆಗೆ ಬಂದ ಖಾಲಿ ಜಾಗವನ್ನು ಸೊನ್ನೆಯೆಂದು ಓದುವ ಏರ್ಪಾಡು ಕೆಲವು ವ್ಯವಸ್ಥೆಗಳಲ್ಲಿ ಇರುತ್ತದೆ. ಸೊನ್ನೆಯನ್ನು ಕೂಡಿದರೂ ಬಿಟ್ಟರೂ ಮೊತ್ತ ಒಂದೇ ಆದುದರಿಂದ ಆ ಪರೀಕ್ಷೆಯಲ್ಲಿ ತಪ್ಪು ಸಿಕ್ಕಲಿಲ್ಲ. ಆದರೆ ಕಾಯಿಲೆಯಿಂದ ಪರೀಕ್ಷೆಗೆ ಬಾರದಿದ್ದ ಹುಡುಗಿಯೊಬ್ಬಳು ಸೋಮವಾರ ಬಂದು ಅಂಕಪಟ್ಟಿ ಕೇಳಿದ್ದರೆ, ಆಕೆ ಪರೀಕ್ಷೆ ಬರೆದು ಸೊನ್ನೆ ಪಡೆದಳೆಂದು ಯಂತ್ರವು ಮುದ್ರಿಸಿಕೊಡುತ್ತಿತ್ತು!

ಕಡತದಿಂದ ಬಂದ ಸಾಲುಗಳನ್ನು ಅಳಿಸಿ, ಖಾಲಿ ಮನೆಗೆ ಒಂದು ವಿಶೇಷ ಗುರುತನ್ನು ಹಾಕಿಸಿ ಕಡತವನ್ನು ಹೊಸದಾಗಿ ತೆಗೆದು, ಮತ್ತೆ ತುಂಬಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಮೂರು ಎಣಿಕೆಗಳೂ ಹೊಂದಿದುವು. ವೇಗವಾದ ದಾರಿಯನ್ನು ಹುಡುಕಿದ್ದರಿಂದಲೇ ತಪ್ಪನ್ನು ತಿದ್ದಲು ಕಾಲ ಉಳಿಯಿತೆಂಬುದನ್ನು ಗಮನಿಸಬೇಕು. ಹಳೆಯ ನಡಿಗೆಯಲ್ಲಿಯೇ ಹೋಗಿದ್ದರೆ ಪರೀಕ್ಷಿಸುವುದಕ್ಕೂ ವ್ಯವಧಾನವಿರುತ್ತಿರಲಿಲ್ಲ.

ಕನ್ನಡದಲ್ಲಿ ಹೆಸರುಗಳನ್ನು ಇಡುವವರು ನೋಡಬೇಕಾದ ಇನ್ನೊಂದು ಅಂಶವುಂಟು. ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-೮ ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು ಬೇಕು. ‘ಕೃಷ್ಣ’ ಎಂಬ ಚಿಕ್ಕ ಹೆಸರಿನಲ್ಲಿ ಐದು ಸಂಕೇತಗಳಿರುವುದರಿಂದ ಅದಕ್ಕೆ ೧೫ ಬೈಟು. ಹೊಸ ಕೋಷ್ಟಕದಲ್ಲಿ ಹೆಸರಿನ ಮನೆಯ ಅಗಲವನ್ನು ಬೈಟುಗಳಲ್ಲಿ ಅಳೆದಿದ್ದರೆ ಉದ್ದವಾದ ಹೆಸರುಗಳು ಹಿಡಿಸದೆ ಹೋಗಬಹುದು. ಸಾಗಿಸುವ ಮೊದಲೇ ಅತಿ ಉದ್ದದ ಹೆಸರನ್ನು ಅಳೆದು ನೋಡುವುದು ಜಾಣತನ.

ಮನೆಯಲ್ಲಿಯೇ ಮಾಡಿ ನೋಡಿ

ಈ ಲೆಕ್ಕಗಳನ್ನು ನಂಬಿಬಿಡಬೇಕಾಗಿಲ್ಲ, ನೀವೇ ಪರೀಕ್ಷಿಸಬಹುದು. ರಿಚರ್ಡ್ ಹಿಪ್ ಎಂಬಾತನು ೨೦೦೦ದಲ್ಲಿ ಹೊರತಂದ ಎಸ್‌ಕ್ಯೂಲೈಟ್ ಎಂಬ ಚಿಕ್ಕ ಡೇಟಾಬೇಸು ಪೈಥಾನ್ ಭಾಷೆಯ ಜೊತೆಯಲ್ಲಿಯೇ ದೊರೆಯುತ್ತದೆ. ಶಾಲೆಯ ಅಥವಾ ಮನೆಯ ಗಣಕಯಂತ್ರದಲ್ಲಿ ಎರಡು ಡೇಟಾಬೇಸು ಕಡತಗಳನ್ನು ಮಾಡಿ, ಒಂದರಲ್ಲಿ ಐದು ಸಾವಿರ ಸಾಲುಗಳನ್ನು ತುಂಬಿರಿ. ಅವನ್ನು ಒಂದೊಂದಾಗಿ ಓದಿ ಇನ್ನೊಂದಕ್ಕೆ ಸೇರಿಸುತ್ತ, ಪ್ರತಿ ಸಾಲಿನ ಬಳಿಕವೂ ಕಮಿಟ್ ಮಾಡಿಸಿ ಕಾಲವನ್ನು ಗುರುತು ಹಾಕಿಕೊಳ್ಳಿರಿ. ಎರಡನೆಯ ಕಡತವನ್ನು ಬರಿದು ಮಾಡಿ, ಈ ಸಲ ಎಲ್ಲ ಸಾಲುಗಳೂ ಸೇರಿದ ಮೇಲೆ ಒಮ್ಮೆ ಮಾತ್ರ ಕಮಿಟ್ ಮಾಡಿಸಿರಿ. ಸಾಧಾರಣ ಮೇಜುಯಂತ್ರದಲ್ಲಿ ಸೆಕೆಂಡಿಗೆ ಐವತ್ತು ಸಾವಿರ ಸಾಲುಗಳನ್ನು ಸೇರಿಸಬಹುದು, ಆದರೆ ಸುತ್ತುವ ಡಿಸ್ಕಿನಲ್ಲಿ ವ್ಯವಹಾರಗಳು ಸೆಕೆಂಡಿಗೆ ಕೆಲವು ಡಜನ್‌ಗಳಷ್ಟೇ ಎಂದು ಎಸ್‌ಕ್ಯೂಲೈಟಿನ ಕರ್ತರು ಹೇಳುತ್ತಾರೆ. ನಿಮ್ಮ ಯಂತ್ರದಲ್ಲಿ ಅಂಕೆಗಳು ಬೇರೆಯಾಗಬಹುದು. ಎರಡರ ನಡುವಣ ಅಂತರವು ಮಾತ್ರ ಕಣ್ಣಿಗೆ ಹೊಡೆದು ಕಾಣುವುದು.

ಬಳಿಕ ಹತ್ತು ಸಾಲಿಗೊಮ್ಮೆ, ನೂರು ಸಾಲಿಗೊಮ್ಮೆ, ಸಾವಿರ ಸಾಲಿಗೊಮ್ಮೆ ಕಮಿಟ್ ಮಾಡಿಸಿ, ಹಿಡಿದ ಕಾಲವನ್ನು ಚೌಕಳಿ ಕಾಗದದ ಮೇಲೆ ಗೆರೆಯಾಗಿ ಎಳೆಯಿರಿ. ಗೆರೆಯು ಮೊದಲು ಕಡಿದಾಗಿ ಇಳಿದು, ಮುಂದೆ ಹೆಚ್ಚು ಕಡಮೆ ಮಟ್ಟಸವಾಗುತ್ತದೆ. ಅದು ಮಟ್ಟಸವಾಗುವ ಎಡೆಯೇ ನಿಮ್ಮ ಯಂತ್ರಕ್ಕೆ ತಕ್ಕ ಕಟ್ಟಿನ ಗಾತ್ರ. ಅದಕ್ಕಿಂತ ದೊಡ್ಡ ಕಟ್ಟಿನಿಂದ ಕಾಲವೇನೂ ಹೆಚ್ಚಾಗಿ ಉಳಿಯುವುದಿಲ್ಲ, ಕೆಟ್ಟರೆ ಮತ್ತೆ ಮಾಡಬೇಕಾದ ಕೆಲಸ ಮಾತ್ರ ಬೆಳೆಯುತ್ತದೆ. ಕೊನೆಗೆ ಎರಡು ಕಡತಗಳ ಸಾಲು, ಮೊತ್ತ, ಖಾಲಿ ಮನೆ ಮೂರನ್ನೂ ಎಣಿಸಿ ತಾಳೆ ನೋಡಲು ಮರೆಯದಿರಿ.